ಹನ್ನೊಂದು ನಿಮಿಷ

ಅಕ್ರಾ. ಬೆಳಗಿನ ನಾಲ್ಕೂ ಮುಕ್ಕಾಲು.
ಕನೇಶಿ ಮಾರುಕಟ್ಟೆಯ ಕಾಲುಸೇತುವೆಯ ಕೆಳಗೆ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಎನ್ಯೋನಂ
ಎಣಿಕೆಯ ಗುಂಡಿ ಒತ್ತುತ್ತಾಳೆ.
ಟಕ್, ಒಂದು ಟ್ರೋಟ್ರೋ. ಟಕ್, ಇನ್ನೊಂದು.
ಯಾವುದೋ ಜರ್ಮನ್ ಬೇಕರಿಯ ಹೆಸರು ಇನ್ನೂ ಅಳಿಯದ ವ್ಯಾನು,
ಹಿಂದಿನ ಗಾಜಿನ ಮೇಲೆ:
‘ನಗುವವರು ನಗಲಿ, ಪೆಟ್ರೋಲು ನನ್ನದು.’

ಪಿಎಚ್‌ಡಿಯ ಮೂರನೇ ವರ್ಷ.
ನಗರ ಸಂಚಾರ, ಸುಸ್ಥಿರ ಸಾರಿಗೆ ಎಂದೆಲ್ಲ
ಶೀರ್ಷಿಕೆಯೇ ಎರಡು ಸಾಲು ತಿನ್ನುತ್ತದೆ.
ಅವಳಮ್ಮನ ಬಾಯಲ್ಲಿ ಅದು ‘ಬಸ್ಸೆಣಿಸೋ ಕೆಲಸ’.

ನಲವತ್ತು ಗಾಡಿಗಳ ಸೀಟಿನಡಿ ಜಿಪಿಎಸ್ ಕಟ್ಟಿದ್ದಾಳೆ.
ರಾತ್ರಿ ನಕ್ಷೆಯ ಮೇಲೆ ಚುಕ್ಕಿಗಳು ಹರಿಯುತ್ತವೆ
ಸಕ್ಕರೆ ಡಬ್ಬಿಗೆ ಹೊರಟ ಇರುವೆಸಾಲಿನ ಹಾಗೆ.
ಒಂದು ಇರುವೆ ಮಾತ್ರ ನಿಲ್ಲುತ್ತದೆ.
ಗಾಡಿ ಹದಿನೇಳು. ಮಂಗಳವಾರ, ಶುಕ್ರವಾರ.
ಒಡೋರ್ಕೋರ್ ದಾಟಿ, ಯಾವ ನಿಲ್ದಾಣವೂ ಇಲ್ಲದಲ್ಲಿ
ಹನ್ನೊಂದು ನಿಮಿಷ.

ಯಂತ್ರದ ದೋಷ ಅಂದುಕೊಂಡಳು.
ಡ್ರೈವರು ಗಂಜಿ ಕುಡಿಯುತ್ತಿರಬೇಕು ಅಂದರು
ಮಾರ್ಗದರ್ಶಕ ಅಂಪೋನ್ಸಾ. ‘ಬರೀ ಗದ್ದಲ.
ತೆಗೆದುಹಾಕು, ರೇಖೆ ನುಣುಪಾಗುತ್ತೆ.’
ತೆಗೆದಳು. ನುಣುಪಾಯಿತು.
ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವಂತೆ
ಮತ್ತೆ ಮತ್ತೆ ಅಲ್ಲಿಗೇ ಹೋಯಿತು ಕಣ್ಣು.

ಒಂದು ಶುಕ್ರವಾರ ತಾನೇ ಹತ್ತಿದಳು.
ಬಾಗಿಲಲ್ಲಿ ನೇತಾಡುವ ಹುಡುಗ ಅಕ್ವೇತೆ.
ಅವನ ಕೈಯೇ ನಾಮಫಲಕ:
ತೋರುಬೆರಳು ಕೆಳಮಾಡಿ ಸುತ್ತಿಸಿದರೆ ಸರ್ಕಲ್,
ಮೇಲೆತ್ತಿ ಆಡಿಸಿದರೆ ಅಕ್ರಾ ಪೇಟೆ.
ಒಡೋರ್ಕೋರ್ ದಾಟಿದ್ದೇ
ಸೊಂಟದ ಹಿಂದೆ ಅಂಗೈ ಇಟ್ಟುಕೊಂಡ,
ತುಂಬಿದ ಬಸುರಿ ನಿಲ್ಲುವ ಹಾಗೆ.
ಈ ಸನ್ನೆ ಅವಳ ಪಟ್ಟಿಯಲ್ಲಿರಲಿಲ್ಲ.

ಗಾಡಿ ನಿಂತಿತು, ಇಂಜಿನ್ ಆರಿತು.
ಹುಡುಗ ಗಲ್ಲಿಯೊಳಗೆ ಓಡಿದ.
ಮೀನಿನ ಬುಟ್ಟಿಯಾಕೆ ಗೊಣಗಿದಳು, ಐಸು ಕರಗುತ್ತಿತ್ತು.
ಶಾಲೆಯ ಹುಡುಗಿ ಉಳಿದ ಹೋಂವರ್ಕ್ ಗೀಚಿಕೊಂಡಳು.
ಯಾರೂ ಇಳಿಯಲಿಲ್ಲ.
ಆಮೇಲೆ ಬಂದ ಹುಡುಗ, ಬೆನ್ನ ಮೇಲೊಬ್ಬ ಮುದುಕ.
ಇಸ್ತ್ರಿ ಅಂಗಿ, ಪಾಲಿಶ್ ಹಾಕಿದ ಬೂಟು,
ನೆಲಕ್ಕೆ ತಾಗದ ಬೂಟಿಗೆ ಅಷ್ಟು ಪಾಲಿಶ್.
ಕೋರ್ಲೆ ಬು ಆಸ್ಪತ್ರೆಗೆ, ವಾರಕ್ಕೆರಡು ಸಲ
ರಕ್ತ ತೊಳೆಸಿಕೊಂಡು ಬರಲು.

‘ನಿನಗೇನಾಗಬೇಕು ಅವರು?’
‘ಏನಾಗಬೇಕು? ಪ್ಯಾಸೆಂಜರು.
ಚಾರ್ಜು ಕೊಡ್ತಾನೆ. ಚೌಕಾಸಿ ಬೇರೆ.’

ಆ ರಾತ್ರಿ ಲೆಕ್ಕ ಹಾಕಿದಳು.
ಹದಿನೆಂಟು ಜನ, ತಲಾ ಹನ್ನೊಂದು,
ನೂರ ತೊಂಬತ್ತೆಂಟು ನಿಮಿಷ ನಷ್ಟ.
ಸಮಯಕ್ಕೆ ಬೆಲೆ ಕಟ್ಟುವ ಸೂತ್ರ ಬಾಯಿಪಾಠ,
ಸೆಡಿಗಳಲ್ಲೇ ಬರೆಯಬಹುದು.
ಆದರೆ ಕಾದವರು ಕಳಕೊಂಡಿದ್ದು
ಎಲ್ಲೋ ಒಂದು ಕಡೆ ಜಮೆಯಾಗಿರಲೇಬೇಕಲ್ಲ?
ಚಿಕ್ಕವರನ್ನು ಸೇರಿಸಿಕೊಳ್ಳುವಾಗ ಅಂತಾರಲ್ಲ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಹಾಗೆ ಆ ಮುದುಕ.

ಹಾಗಂತ ಅವಳೇನು ಟ್ರೋಟ್ರೋ ಪೂಜಾರಿಯಲ್ಲ.
ಕನೇಶಿಯ ಹೊಗೆ ಅಳೆದವಳು ಅವಳೇ;
ಬೆಳ್ಳನೆಯ ಸೋಸುಕಾಗದ ಸಂಜೆಯೊಳಗೆ
ಬಾಣಲೆಯ ತಳವಾದದ್ದು ಕಂಡವಳು.
ದೊಡ್ಡ ಬಸ್ಸು ಬರಲಿ, ಅದಕ್ಕೊಂದು ಬೇರೆ ದಾರಿ ಬರಲಿ
ಎಂದು ಆರನೇ ಅಧ್ಯಾಯದಲ್ಲಿ ಬರೆದಿದ್ದಾಳೆ. ಅಳಿಸಲಿಲ್ಲ.
ಅಳಿಸಿದ್ದನ್ನು ಮಾತ್ರ ವಾಪಸ್ಸು ತಂದಳು,
ಹನ್ನೊಂದು ನಿಮಿಷ, ಇದ್ದಲ್ಲೇ, ಇದ್ದ ಹಾಗೆ.

ಮೌಖಿಕ ಪರೀಕ್ಷೆಯ ದಿನ. ಹೊರಗಿನಿಂದ ಬಂದ ಪರೀಕ್ಷಕಿ
ಪುಟ ನೂರಾ ನಲವತ್ತಕ್ಕೆ ಬೆರಳಿಟ್ಟು ಕೇಳಿದರು:
‘ಇಲ್ಲೊಂದು ಮೆಟ್ಟಿಲಿದೆಯಲ್ಲ ರೇಖೆಯಲ್ಲಿ,
ಯಾಕೆ ಉಳಿಸಿಕೊಂಡಿರಿ?’
ಎನ್ಯೋನಂ ಎದ್ದು ನಿಂತಳು.
ಒಳಗೊಳ್ಳುವಿಕೆ, ಅನೌಪಚಾರಿಕ ವಲಯ, ನಿಲುಗಡೆ ಅವಧಿ,
ಕಲಿತ ಪದಗಳೆಲ್ಲ ಕ್ಯೂ ನಿಂತವು,
ಯಾವುದೂ ಹತ್ತಲಿಲ್ಲ.
ಅವಳಿಗೇ ತಿಳಿಯದೆ ಕೈ
ಸೊಂಟದ ಹಿಂದಕ್ಕೆ ಹೋಗಿತ್ತು.

‘ಬೆನ್ನು ನೋವೇ?’ ಅಂದರು ಪರೀಕ್ಷಕಿ,
‘ಪರವಾಗಿಲ್ಲ, ಕೂತೇ ಹೇಳಿ.’